ಚೌಕಟ್ಟಿನೊಳಗಿನ ಲಕ್ಷ್ಮಿಗೆ ವಯಸ್ಸೆಷ್ಟು?

ಕಿಬ್ಬನಹಳ್ಳಿ ಕ್ರಾಸಿನಿಂದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಯಾವ ಕಡೆಗೆ ಹೊರಟರೂ ತೆಂಗಿನ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ತೊಟ್ಟಿ ಮನೆ ಇನ್ನೂ ಉಳಿದಿದೆ. ಅಂಥ ಮನೆಗಳ ನಡುಮನೆಯಲ್ಲಿ, ತೊಲೆಗೆ ತಾಗುವಷ್ಟು ಎತ್ತರದಲ್ಲಿ, ಕಟ್ಟು ಹಾಕಿಸಿದ ದೇವರ ಪಟಗಳ ಸಾಲೊಂದಿರುವುದುಂಟು. ತಾವರೆಯ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದು ಕೂತ ಸರಸ್ವತಿ. ಮನೆ ಭಾಗವಾದಾಗಲೋ, ಹಳೆಯದನ್ನು ಕೆಡವಿ ತಾರಸಿ ಹಾಕಿಸುವಾಗಲೋ ಈ ಪಟಗಳು ಯಾರದೋ ಪಾಲಿಗೆ ಬರುತ್ತವೆ. ಜೊತೆಗೆ ಒಂದು ಮಾತೂ ಬರುತ್ತದೆ: ‘ಇದು ರವಿವರ್ಮನ ಪಟ, ತಾತನ ಕಾಲದ್ದು’. ಪಟ ಮಾಮೂಲಿನದಾಗಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತದೆ. ಅದರಲ್ಲಿ ಏನಾದರೂ ವಿಚಿತ್ರ ಕಂಡರೆ ಮಾತ್ರ ತಕರಾರು ಶುರು. ಲಕ್ಷ್ಮಿಯ ಸೀರೆಗೆ ನಿಜವಾದ ಜರಿ ಅಂಟಿಸಿದೆ, ಅಡಿಯಲ್ಲಿ ಅಚ್ಚುಕೂಟದ ಹೆಸರಿಲ್ಲ, ಎಲ್ಲ ಕಡೆ ಕೆಂಪಾಗಿರುವ ಸೀರೆ ಇಲ್ಲಿ ಮಾಸಲು ಕಂದು. ಒಬ್ಬರಿಗೆ ಇದು ಲಕ್ಷಗಟ್ಟಲೆ ಬಾಳುವ ಅಪರೂಪದ ಪ್ರತಿ, ಇನ್ನೊಬ್ಬರಿಗೆ ಸಂತೆಯಲ್ಲಿ ಕೊಂಡ ನಕಲಿ. ಈ ಎರಡು ತೀರ್ಪುಗಳಲ್ಲಿ ಯಾವುದನ್ನಾದರೂ ಒಪ್ಪುವ ಮೊದಲು, ಅಸಲಿಯೋ ನಕಲಿಯೋ ಎಂಬ ಪ್ರಶ್ನೆಗೆ ವಿಜ್ಞಾನ ನೇರ ಉತ್ತರ ಕೊಡಬಲ್ಲದೇ ಎಂದು ಕೇಳಿಕೊಳ್ಳಬೇಕು. ಕೊಡಲಾರದು ಎಂಬುದೇ ಈ ಅಧ್ಯಾಯದ ವಾದ. ಅದು ಕೊಡಬಲ್ಲದ್ದು ಬೇರೊಂದು ಉತ್ತರ: ಈ ಪಟ ಯಾವ ಕಾಲದ್ದಾಗಿರಲು ಸಾಧ್ಯವಿಲ್ಲ ಎಂಬುದು.

ಮೊದಲು ಪಟದ ಹುಟ್ಟು ನೋಡೋಣ. ರಾಜಾ ರವಿವರ್ಮ (1848–1906) ಎಣ್ಣೆಬಣ್ಣದಲ್ಲಿ ಬರೆದ ಚಿತ್ರಗಳು ಅರಮನೆಗಳಿಗೆ ಸೇರಿದವು. ಚಾಮರಾಜೇಂದ್ರ ಒಡೆಯರ ಕರೆಯ ಮೇಲೆ 1885ರಲ್ಲಿ ಮೈಸೂರಿಗೂ ಬಂದಿದ್ದ. ಜಗನ್ಮೋಹನ ಅರಮನೆಯಲ್ಲಿ ಇವತ್ತು ಕಾಣುವುದು ಅವನ ಕುಂಚದಿಂದಲೇ ಮೂಡಿದ ಚಿತ್ರಗಳು. ಹಳ್ಳಿಯ ನಡುಮನೆಗೆ ಪಟ ಬಂದದ್ದು ಬೇರೆ ದಾರಿಯಲ್ಲಿ. ಚಿತ್ರಗಳನ್ನು ಬಣ್ಣದ ಕಲ್ಲಚ್ಚಿನಲ್ಲಿ ಮುದ್ರಿಸಿ ಹಂಚಲೆಂದು 1894ರಲ್ಲಿ ಮುಂಬಯಿಯಲ್ಲಿ ಅವನು ಅಚ್ಚುಕೂಟ ತೆರೆದ. ಕೆಲವು ವರ್ಷಗಳಲ್ಲಿ ಅದು ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. 1903ರ ಹೊತ್ತಿಗೆ ಅಲ್ಲಿನ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಷ್ಲೈಶರನ ಕೈ ಸೇರಿತು, ಚಿತ್ರಗಳನ್ನು ಮುದ್ರಿಸುವ ಹಕ್ಕಿನ ಸಮೇತ. ಅಂದರೆ ಕಲಾವಿದ ಬದುಕಿದ್ದಾಗಲೇ ಅಚ್ಚುಕೂಟ ಅವನದಾಗಿ ಉಳಿದಿರಲಿಲ್ಲ, ಅವನು ತೀರಿಕೊಂಡ ಮೇಲೂ ದಶಕಗಳ ಕಾಲ ಅವನ ಹೆಸರಿನ ಪಟಗಳು ಹೊರಬರುತ್ತಲೇ ಇದ್ದವು. 1972ರಲ್ಲಿ ಬೆಂಕಿ ಬಿದ್ದು ಅಚ್ಚುಕೂಟ ಹಾಳಾಯಿತು. ಇದರ ನಡುವೆ ಬೇರೆ ಅಚ್ಚುಕೂಟಗಳು ಅವೇ ಚಿತ್ರಗಳನ್ನು ನೋಡಿ ತಾವೂ ಅಚ್ಚು ಹಾಕಿದವು. ಮುಂದೆ ಶಿವಕಾಶಿಯ ಆಫ್‌ಸೆಟ್ ಕ್ಯಾಲೆಂಡರುಗಳು ಬಂದವು. ಇವತ್ತು ಕಂಪ್ಯೂಟರಿನಿಂದ ಯಾರು ಬೇಕಾದರೂ ಮುದ್ರಿಸಿ, ಹಳೆಯ ಕಟ್ಟಿನೊಳಗೆ ಕೂರಿಸಿ ಮಾರಬಹುದು. ಹೀಗಿರುವಾಗ ಒಂದೇ ಮಾತಿನಲ್ಲಿ ‘ಅಸಲಿ’ ಎಂದರೆ ಯಾವುದು? 1896ರ ಪ್ರತಿಯೂ 1930ರ ಪ್ರತಿಯೂ ಒಂದೇ ಅಚ್ಚುಕೂಟದವು, ಎರಡರಲ್ಲೂ ರವಿವರ್ಮನ ಕುಂಚ ತಗುಲಿಲ್ಲ. ಕಾಲದ ಪ್ರಶ್ನೆಯಾಗಿ ಒಡೆದುಕೊಂಡರೆ ಮಾತ್ರ ಇದಕ್ಕೆ ಸಾಕ್ಷ್ಯ ಸಿಗುತ್ತದೆ.

ಮನೆತನದ ಮಾತಿಗೆ ಬೆಲೆಯೇ ಇಲ್ಲವೇ ಎಂದರೆ, ಇದೆ, ಆದರೆ ಜನ ಅಂದುಕೊಂಡಿರುವ ಜಾಗದಲ್ಲಲ್ಲ. ನೆನಪು ಹಿಂದುಮುಂದನ್ನು ಚೆನ್ನಾಗಿ ಹಿಡಿದಿಡುತ್ತದೆ, ಇಸವಿಯನ್ನು ಹಿಡಿದಿಡುವುದಿಲ್ಲ. ಅಜ್ಜಿ ಮದುವೆಯಾಗಿ ಬಂದಾಗ ಪಟ ಗೋಡೆಯ ಮೇಲಿತ್ತು ಎಂಬುದು ಒಳ್ಳೆಯ ಸಾಕ್ಷ್ಯ; ಮದುವೆಯ ಇಸವಿ ತಿಳಿದರೆ ಒಂದು ಗಡಿ ಸಿಕ್ಕಿತು. ‘ತಾತನ ಕಾಲದ್ದು’ ಎಂಬುದು ಹಾಗಲ್ಲ. 1965ರಲ್ಲಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಚಿತ್ರ ಕತ್ತರಿಸಿ ಕಟ್ಟು ಹಾಕಿಸಿದ್ದರೆ ಅದೂ ಇವತ್ತಿಗೆ ತಾತನ ಕಾಲದ್ದೇ. ಇನ್ನೊಂದು ಕಡೆ, ಹಳ್ಳಿಯ ಮನೆಗೆ ಇಂಥ ಪಟ ಬರಲು ಹೇಗೆ ಸಾಧ್ಯ ಎಂದು ಮೂಗು ಮುರಿಯುವವರಿಗೂ ಉತ್ತರವಿದೆ. ತಿಪಟೂರಿನ ಮೇಲೆ ಹಾದುಹೋಗುವ ರೈಲುಮಾರ್ಗ 1880ರ ದಶಕದ ಕೊನೆಗೆ ಹರಿಹರ ಮುಟ್ಟಿತ್ತು, ಮುಂದೆ ಹುಬ್ಬಳ್ಳಿಯ ಮೂಲಕ ಪುಣೆಯ ಕಡೆಗೆ ದಾರಿಯಿತ್ತು. ಮಳವಲಿ ಇರುವುದು ಪುಣೆ–ಮುಂಬಯಿ ಮಾರ್ಗದಲ್ಲಿ. ಕೊಬ್ಬರಿ ಮಾರಿ ಕೈಯಲ್ಲಿ ಕಾಸಿದ್ದ ಸೀಮೆಗೆ, ಮಾರುವುದಕ್ಕೆಂದೇ ರಾಶಿಗಟ್ಟಲೆ ಅಚ್ಚಾದ ಪಟ ಬರುವುದು ಸೋಜಿಗವೇನಲ್ಲ. ಪರೀಕ್ಷೆಗೆ ಮೊದಲೇ ಒಂದು ಅಂದಾಜು ಇಟ್ಟುಕೊಳ್ಳುವುದು ತಪ್ಪಲ್ಲ. ಹಳೆಯ ಮನೆಯ ಗೋಡೆಯಿಂದಲೇ ಇಳಿಸಿದ ಪಟಕ್ಕೂ ಪೇಟೆಯ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದಕ್ಕೂ ಆ ಅಂದಾಜು ಬೇರೆಬೇರೆ. ಸಾಕ್ಷ್ಯ ಬಂದಂತೆ ಅದನ್ನು ತಿದ್ದಿಕೊಳ್ಳುತ್ತ ಹೋಗಬೇಕು, ಅಷ್ಟೆ.

ಮೊದಲ ಸಾಕ್ಷಿ ಹತ್ತು ಪಟ್ಟು ಹಿಗ್ಗಿಸುವ ಒಂದು ಮಸೂರದಲ್ಲೇ ಸಿಗುತ್ತದೆ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು ಸಾಕು. ಕಲ್ಲಚ್ಚನ್ನು ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್ 1790ರ ದಶಕದ ಕೊನೆಯಲ್ಲಿ ಕಂಡುಹಿಡಿದ. ಸೊಲ್ನ್‌ಹೋಫೆನ್ನಿನ ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲಿಗೆ ನೀರು ಸವರಿದರೆ, ಜಿಡ್ಡಿಲ್ಲದ ಜಾಗ ನೀರು ಹಿಡಿಯುತ್ತದೆ, ಜಿಡ್ಡಿನ ಜಾಗ ನೀರನ್ನು ದೂರವಿಟ್ಟು ಅಚ್ಚಿನ ಮಸಿಯನ್ನು ಹಿಡಿಯುತ್ತದೆ. ಕಲ್ಲಿನಲ್ಲಿ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಇಡೀ ಕೆಲಸ ಎಣ್ಣೆ–ನೀರಿನ ವೈರದ ಮೇಲೆ ನಡೆಯುತ್ತದೆ. ಬಣ್ಣದ ಪಟಕ್ಕೆ ಪ್ರತಿ ಬಣ್ಣಕ್ಕೂ ಒಂದೊಂದು ಕಲ್ಲು, ಕೆಲವೊಮ್ಮೆ ಹತ್ತು–ಹನ್ನೆರಡಕ್ಕೂ ಮಿಕ್ಕಿ. ಲಕ್ಷ್ಮಿಯ ಕೆನ್ನೆ ನಸುಗೆಂಪಿನಿಂದ ನೆರಳಿಗೆ ಜಾರಬೇಕಾದರೆ ಕುಶಲಕರ್ಮಿ ಕಲ್ಲಿನ ಮೇಲೆ ಸಾವಿರಾರು ಚುಕ್ಕೆಗಳನ್ನು ಕೈಯಿಂದಲೇ ಇಡಬೇಕು, ಬೆಳಕಿದ್ದಲ್ಲಿ ವಿರಳವಾಗಿ, ನೆರಳಿದ್ದಲ್ಲಿ ದಟ್ಟವಾಗಿ. ಮಸೂರದಡಿ ಈ ಚುಕ್ಕೆಗಳು ಒಂದರಂತೆ ಒಂದಿರುವುದಿಲ್ಲ. ಗಾತ್ರ, ಆಕಾರ, ಅಂತರ ಎಲ್ಲವೂ ಕೈಯ ಲಯಕ್ಕೆ ತಕ್ಕಂತೆ ಏರುಪೇರು. ಬಣ್ಣಗಳು ಒಂದರ ಮೇಲೊಂದು ಕೂತ ಕಡೆ ಅಂಚುಗಳು ಕೂದಲೆಳೆಯಷ್ಟು ಸರಿದಿರುತ್ತವೆ.

ಆಫ್‌ಸೆಟ್ಟಿನ ಚುಕ್ಕೆ ಇದಕ್ಕೆ ತದ್ವಿರುದ್ಧ. 1880ರ ದಶಕದಲ್ಲಿ ಬಳಕೆಗೆ ಬಂದ ಜಾಲರಿ ಪದ್ಧತಿಯಲ್ಲಿ ಚಿತ್ರವನ್ನು ಕ್ಯಾಮೆರಾ ಚುಕ್ಕೆಗಳಾಗಿ ಒಡೆಯುತ್ತದೆ; ನಾಲ್ಕು ಬಣ್ಣದ ಮುದ್ರಣದಲ್ಲಿ ನಾಲ್ಕು ಜಾಲರಿಗಳೂ ಬೇರೆಬೇರೆ ಕೋನದಲ್ಲಿ ನಿಂತು, ಚುಕ್ಕೆಗಳೆಲ್ಲ ಸೇರಿ ಪುಟ್ಟ ಹೂವಿನಂಥ ವಿನ್ಯಾಸ ಮೂಡುತ್ತದೆ. ಲಕ್ಷ್ಮಿಯ ಮೂಗಿನ ಮೇಲೆ ಈ ಹೂಗಳು ಸಾಲಾಗಿ ಅರಳಿದ್ದರೆ ಆ ಪಟ ಕಲ್ಲಿನಿಂದ ಬಂದದ್ದಲ್ಲ. ಇದಕ್ಕೊಂದು ಆಕ್ಷೇಪ ಇದ್ದೇ ಇದೆ: ಹಳೆಯ ಕಲ್ಲಚ್ಚಿನಲ್ಲೂ ಕೆಲವೊಮ್ಮೆ ಶಿಸ್ತಾದ ಚುಕ್ಕೆಗಳು ಕಾಣುತ್ತವಲ್ಲ? ನಿಜ. ಬೆಂಜಮಿನ್ ಡೇ ಎಂಬ ಅಮೆರಿಕದ ಮುದ್ರಕ 1879ರಲ್ಲಿ ಚುಕ್ಕೆಗಳ ತಯಾರಿ ಹಾಳೆಯನ್ನು ಕಲ್ಲಿನ ಮೇಲೆ ಒತ್ತಿ ಕೆಲಸ ಹಗುರ ಮಾಡುವ ದಾರಿ ಕಂಡುಕೊಂಡಿದ್ದ. ಆದ್ದರಿಂದ ಚುಕ್ಕೆ ಸಾಲಾಗಿದೆ ಎಂದ ಮಾತ್ರಕ್ಕೆ ಪಟವನ್ನು ತಳ್ಳಿಹಾಕಬಾರದು. ಡೇ ಹಾಳೆಯ ಚುಕ್ಕೆಗಳು ಒಂದು ಬಣ್ಣದ ಒಂದು ಹರವಿನಲ್ಲಿ ಒಂದೇ ಗಾತ್ರಕ್ಕಿರುತ್ತವೆ; ಜಾಲರಿಯ ಚುಕ್ಕೆಗಳು ನೆರಳಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತವೆ. ಇನ್ನೂ ಅನುಮಾನವಿದ್ದರೆ ಪಟದ ಅಡಿಯ ಅಕ್ಷರಗಳನ್ನು ನೋಡಿ. ಹಳೆಯ ಅಚ್ಚಿನಲ್ಲಿ ಅಕ್ಷರ ಒಂದೇ ಮಸಿಯ ಗಟ್ಟಿ ಗೆರೆ. ಹಳೆಯ ಪಟವನ್ನೇ ಸ್ಕ್ಯಾನ್ ಮಾಡಿ ಮರುಮುದ್ರಿಸಿದ್ದರಲ್ಲಿ ಅಕ್ಷರವೂ ಚಿತ್ರದ ಒಂದು ಭಾಗವಾಗಿ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆದಿರುತ್ತದೆ, ಅಂಚು ಮಸುಕಾಗಿರುತ್ತದೆ. ನಕಲಿಗಳಲ್ಲಿ ಹೆಚ್ಚಿನವು ಇಲ್ಲೇ ಸಿಕ್ಕಿಬೀಳುತ್ತವೆ, ಯಾಕೆಂದರೆ ನಕಲು ಮಾಡುವವರ ಗಮನವೆಲ್ಲ ದೇವಿಯ ಮುಖದ ಮೇಲಿರುತ್ತದೆ.

ಎರಡನೆಯ ಸಾಕ್ಷಿ ಕಾಗದ. ಸರಿಸುಮಾರು 1950ರಿಂದೀಚೆಗೆ ಕಾಗದವನ್ನು ಬೆಳ್ಳಗೆ ತೋರಿಸಲು ಹೊಳಪಿನ ರಾಸಾಯನಿಕಗಳನ್ನು ಬೆರೆಸುತ್ತಾರೆ. ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಹೀರಿ ನೀಲಿಯಾಗಿ ಹೊರಬಿಡುವುದು ಇವುಗಳ ಗುಣ. ಹಳದಿ ಛಾಯೆಯ ಮೇಲೆ ಆ ನೀಲಿ ಕೂತು ಕಣ್ಣಿಗೆ ಅಚ್ಚಬಿಳಿ ಕಾಣುತ್ತದೆ. ಅಂಗಡಿಗಳಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪ ಕೆಲಸ ಮಾಡುವುದೂ ಇದೇ ತತ್ವದ ಮೇಲೆ: ನೋಟಿನ ಕಾಗದಕ್ಕೆ ಈ ರಾಸಾಯನಿಕ ಹಾಕುವುದಿಲ್ಲ, ಅದು ಮಂಕಾಗಿರುತ್ತದೆ, ಮಾಮೂಲಿ ಕಾಗದದ ಮೇಲೆ ಅಚ್ಚಾದ ಖೋಟಾ ನೋಟು ಫಳಫಳ ಹೊಳೆಯುತ್ತದೆ. ಕತ್ತಲೆ ಕೋಣೆಯಲ್ಲಿ ಪಟದ ಹಿಂಬದಿಗೆ ಆ ದೀಪ ಹಿಡಿದಾಗ ಕಾಗದ ಇಡಿಯಾಗಿ ನೀಲಿಬಿಳಿಯಾಗಿ ಬೆಳಗಿದರೆ, ಅದು ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಪಟವಲ್ಲ. ‘ಇಡಿಯಾಗಿ’ ಎಂದದ್ದಕ್ಕೆ ಕಾರಣವಿದೆ. ಬಟ್ಟೆ ಒಗೆಯುವ ಪುಡಿಗಳಲ್ಲೂ ಇದೇ ರಾಸಾಯನಿಕ ಇರುತ್ತದೆ. ಯಾರೋ ಹಬ್ಬದ ಮುಂಚೆ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ್ದರೆ ನೂರು ವರ್ಷದ ಪಟದ ಮೇಲೂ ಹೊಳೆಯುವ ಪಟ್ಟೆಗಳು ಕಂಡಾವು. ಆ ಪಟ್ಟೆಗಳು ಒರೆಸಿದ ಕೈಯ ಜಾಡಿನಲ್ಲಿರುತ್ತವೆ. ಕಾಗದದ ಹುಟ್ಟಿನಲ್ಲೇ ಬೆರೆತದ್ದಕ್ಕೆ ಅಂಥ ಜಾಡಿರುವುದಿಲ್ಲ.

ಹೊಳೆದರೆ ಹೊಸದು, ಹೊಳೆಯದಿದ್ದರೆ? ಹಳೆಯದು ಎಂದು ಬಾಯಿಗೆ ಬರುತ್ತದೆ, ಹೇಳಬಾರದು. ಇವತ್ತೂ ಹೊಳಪು ಬೆರೆಸದ ಕಾಗದ ತಯಾರಾಗುತ್ತದೆ. ಅಟ್ಟದ ಮೇಲೆ 8ರಿಂದ 12 ತಿಂಗಳು ಕೂಡಿಟ್ಟ ತೆಂಗಿನಕಾಯಿಯನ್ನು ಈ ಸೀಮೆಯ ರೈತರು ಕಿವಿಯ ಹತ್ತಿರ ಹಿಡಿದು ಕುಲುಕುತ್ತಾರೆ: ನೀರಿನ ಸದ್ದು ಕೇಳಿಸಿದರೆ ಇನ್ನೂ ಕೊಬ್ಬರಿಯಾಗಿಲ್ಲ, ಅದರಲ್ಲಿ ಅನುಮಾನವೇ ಇಲ್ಲ, ಒಳಗೆ ಗಿಟುಕು ಲೊಡಲೊಡ ಅಂದರೆ ಆಗಿರಬಹುದು, ಆದರೆ ಒಳಗೆ ಕೆಟ್ಟಿಲ್ಲ ಎಂಬ ಖಾತರಿ ಒಡೆದ ಮೇಲೆಯೇ. ಪಟದ ಪರೀಕ್ಷೆಗಳೂ ಹೀಗೆಯೇ ಒಂದು ಕಡೆಗೆ ಖಚಿತ, ಇನ್ನೊಂದು ಕಡೆಗೆ ಅಂದಾಜು. ಹೊಸ ಕಾಲದ ಒಂದೇ ಒಂದು ಗುರುತು ಹಳೆತನದ ಹತ್ತು ಗುರುತುಗಳನ್ನು ಹೊಡೆದುಹಾಕುತ್ತದೆ. ಇದನ್ನು ಜಗತ್ತಿಗೆ ತೋರಿಸಿದ್ದು ವಿನ್‌ಲ್ಯಾಂಡ್ ನಕ್ಷೆ. ಕೊಲಂಬಸನಿಗೆ ಮೊದಲೇ ಯುರೋಪಿನವರಿಗೆ ಅಮೆರಿಕದ ದಡ ಗೊತ್ತಿತ್ತೆಂದು ಸಾರುತ್ತಿದ್ದ ಆ ನಕ್ಷೆಯ ಚರ್ಮದ ಹಾಳೆಯನ್ನು ಇಂಗಾಲದ ವಿಧಾನದಿಂದ ಅಳೆದಾಗ 1434ರ ಆಸುಪಾಸಿನದೆಂದು ತಿಳಿಯಿತು. ಹಾಳೆ ನಿಜಕ್ಕೂ ಹಳೆಯದು. ಮಸಿಯಲ್ಲಿ ಮಾತ್ರ 1920ರ ದಶಕದಲ್ಲಿ ಬಳಕೆಗೆ ಬಂದ ಟೈಟಾನಿಯಂ ಡೈಆಕ್ಸೈಡ್ ಇತ್ತು. 2021ರಲ್ಲಿ ಯೇಲ್ ವಿಶ್ವವಿದ್ಯಾಲಯವೇ ಅದನ್ನು ನಕಲಿಯೆಂದು ಸಾರಿತು. ‘ಹಳೆಯ ಕಾಗದ ಹುಡುಕಿ ಅದರ ಮೇಲೆ ಅಚ್ಚು ಹಾಕಿದರೆ ನಿಮ್ಮ ವಿಜ್ಞಾನ ಏನು ಮಾಡುತ್ತದೆ’ ಎಂದು ಕೇಳುವವರಿಗೆ ಉತ್ತರ ಇದೇ: ಕಾಗದ, ಮಸಿ, ಅಚ್ಚಿನ ವಿಧಾನ, ಅಂಟು ಇವೆಲ್ಲ ಬೇರೆಬೇರೆ ಸಾಕ್ಷಿಗಳು, ಮೋಸಗಾರ ಎಲ್ಲವನ್ನೂ ಒಟ್ಟಿಗೆ ಹೊಂದಿಸಬೇಕು. ನೀಲಿ ಬಣ್ಣದಲ್ಲಿ 1930ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಥ್ಯಾಲೋಸಯನೀನ್ ಇದ್ದರೆ ಸಾಕು, ‘ರವಿವರ್ಮ ಬದುಕಿದ್ದಾಗಿನದು’ ಎಂಬ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ. ಬಣ್ಣ ಕೆರೆಯದೆ, ಲೇಸರ್ ಬೆಳಕು ಚದುರುವ ರೀತಿಯಿಂದಲೇ ಇದನ್ನು ಗುರುತಿಸುವ ರಾಮನ್ ರೋಹಿತ ವಿಧಾನಕ್ಕೆ ನಮ್ಮ ಸಿ.ವಿ. ರಾಮನ್ನರ ಹೆಸರೇ ಇದೆ.

ಇನ್ನು ವಿಚಿತ್ರಗಳ ವಿಷಯ. ಅಚ್ಚುಕೂಟದ ಹೆಸರಿಲ್ಲದ ಪಟ ಎಂದರೆ ತಕ್ಷಣ ಕಳ್ಳ ಅಚ್ಚು ಎನ್ನುವವರಿದ್ದಾರೆ, ಹೆಸರು ಹಾಕುವ ಮೊದಲಿನ ಪರೀಕ್ಷಾ ಪ್ರತಿ ಎಂದು ಆಸೆಪಡುವವರೂ ಇದ್ದಾರೆ. ಹೆಸರು ಇರುತ್ತಿದ್ದದ್ದು ಅಂಚಿನಲ್ಲಿ. ಕೈಯಲ್ಲಿರುವ ಕಟ್ಟಿಗೆ ಪಟ ದೊಡ್ಡದಾದರೆ ಕಟ್ಟು ಹಾಕುವವನು ಕತ್ತರಿ ಆಡಿಸುವುದೂ ಆ ಅಂಚಿನ ಮೇಲೇ. ಮೊದಲು ಇದನ್ನು ತಳ್ಳಿಹಾಕದೆ ಬೇರೆ ವಿವರಣೆಗೆ ಹೋಗುವಂತಿಲ್ಲ. ಕತ್ತರಿಸಿದ ಅಂಚು ಸಣ್ಣ ಸಂಗತಿ ಎನಿಸಿದರೆ ಅಮೆರಿಕದ ಬೇಸ್‌ಬಾಲ್ ಚೀಟಿಗಳ ಕಥೆ ನೋಡಬೇಕು. 1909ರಿಂದ 1911ರವರೆಗೆ ಸಿಗರೇಟು ಪೊಟ್ಟಣದೊಳಗೆ ಇಟ್ಟು ಹಂಚಿದ, ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಚಿತ್ರವಿರುವ ಚೀಟಿ, ಅದೂ ಕಲ್ಲಚ್ಚಿನ ಯುಗದ ಕೂಸೇ, 2022ರಲ್ಲಿ 72.5 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. ಇದೇ ಚೀಟಿಯ ಇನ್ನೊಂದು ಪ್ರತಿ, ಅಂಚೆಲ್ಲ ಚೂಪಾಗಿ ಅತ್ಯುತ್ತಮ ಸ್ಥಿತಿಯಲ್ಲಿದೆಯೆಂದು ವರ್ಷಗಟ್ಟಲೆ ಮೆರೆಯಿತು. 2013ರಲ್ಲಿ ಅದರ ಹಳೆಯ ಮಾರಾಟಗಾರ ಬಿಲ್ ಮಾಸ್ಟ್ರೊ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಳ್ಳುವಾಗ, ಅಂಚು ಕತ್ತರಿಸಿದ್ದು ತಾನೇ ಎಂದ. ಚೀಟಿ ಅಸಲಿ, ಸ್ಥಿತಿ ನಕಲಿ! ಅಲ್ಲಿ ಕತ್ತರಿ ಆಡಿದ್ದು ದುಡ್ಡಿಗೆ, ಇಲ್ಲಿ ಅಳತೆಗೆ. ಎರಡು ಕಡೆಯೂ ಕಳೆದುಹೋದದ್ದು ಸಾಕ್ಷ್ಯ.

ಬಣ್ಣ ಬೇರೆಯಾಗಿ ಕಾಣುವುದಕ್ಕೆ ಅಪರೂಪದ ಮುದ್ರಣಕ್ಕಿಂತ ಹತ್ತಿರದ ಕಾರಣ ಬೆಳಕು. ಆ ಕಾಲದ ಅನೇಕ ಕೆಂಪು, ಗುಲಾಬಿ ಬಣ್ಣಗಳು ಬಿಸಿಲಿಗೆ ಬೇಗ ಸೋಲುತ್ತವೆ. ತೊಟ್ಟಿಯ ಬೆಳಕು ದಿನವಿಡೀ ಬೀಳುವ ಗೋಡೆಯ ಲಕ್ಷ್ಮಿ ಮಾಸಿ, ಕೋಣೆಯೊಳಗಿನ ಲಕ್ಷ್ಮಿ ಕೆಂಪಾಗಿಯೇ ಉಳಿದರೆ ಅದರಲ್ಲಿ ಗುಟ್ಟೇನಿಲ್ಲ. ಪರೀಕ್ಷೆಯೂ ಸುಲಭ: ಕಟ್ಟಿನ ಮರ ಮುಚ್ಚಿಕೊಂಡಿದ್ದ ಬೆರಳಗಲದ ಅಂಚಿನಲ್ಲಿ ಮೊದಲ ಬಣ್ಣ ಹಾಗೇ ಇರುತ್ತದೆ. ಅಲ್ಲೂ ಬಣ್ಣ ಬೇರೆಯೇ ಆಗಿದ್ದರೆ ಆಗ ಅಚ್ಚಿನ ಕಡೆ ಅನುಮಾನ ತಿರುಗಲಿ. ಜರಿಯದು ಇನ್ನೂ ಸ್ವಾರಸ್ಯದ ಸಂಗತಿ. ಪಟಕ್ಕೆ ಬಟ್ಟೆ, ಜರಿ, ಮಣಿ ಅಂಟಿಸಿ ದೇವಿಗೆ ಸೀರೆ ಉಡಿಸುವುದು ಆಗಿನ ರೂಢಿಯೇ, ಆದ್ದರಿಂದ ಜರಿ ಇದ್ದದ್ದರಿಂದ ಪಟ ಕೆಟ್ಟಿತೆಂದಾಗಲೀ ಒಂದೇ ಪ್ರತಿಯೆಂದಾಗಲೀ ಆಗುವುದಿಲ್ಲ. ಜರಿಗೂ ಅದರದೇ ವಯಸ್ಸಿದೆ. ಹಳೆಯ ಜರಿಯೆಂದರೆ ದಾರಕ್ಕೆ ಸುತ್ತಿದ ಬೆಳ್ಳಿ ಅಥವಾ ತಾಮ್ರದ ತಂತಿ. ಪ್ಲಾಸ್ಟಿಕ್ ಪೊರೆಯ ಮೇಲೆ ಅಲ್ಯುಮಿನಿಯಂ ಲೇಪಿಸಿದ ಜರಿ 20ನೇ ಶತಮಾನದ ಮಧ್ಯಭಾಗದಿಂದೀಚಿನದು. ಎಕ್ಸ್-ಕಿರಣ ಹಾಯಿಸಿ ಲೋಹ ಗುರುತಿಸುವ ಉಪಕರಣ ಕ್ಷಣದಲ್ಲಿ ಇದನ್ನು ಹೇಳುತ್ತದೆ. ಜರಿ ಪ್ಲಾಸ್ಟಿಕ್ಕಿನದಾದರೂ ಪಟ ಹಳೆಯದಾಗಿರಬಹುದು ಎಂಬುದನ್ನು ಮರೆಯಬಾರದು; ಸೊಸೆಯೊಬ್ಬಳು ಅತ್ತೆಯ ಪಟಕ್ಕೆ ಹೊಸ ಸೀರೆ ಉಡಿಸಿರಲೂ ಸಾಕು. ಹೀಗೆ ಒಂದೇ ಪಟದಲ್ಲಿ ಅಚ್ಚಿಗೊಂದು, ಜರಿಗೊಂದು, ಕಟ್ಟಿಗೊಂದು ಎಂದು ಮೂರು ವಯಸ್ಸುಗಳಿರಬಹುದು.

ಪ್ರಯೋಗಾಲಯಕ್ಕೆ ಹೋಗದೆಯೂ ಸಿಗುವ, ನನ್ನ ಎಣಿಕೆಯಲ್ಲಿ ನಕಲು ಮಾಡಲು ಎಲ್ಲಕ್ಕಿಂತ ಕಷ್ಟವಾದ ಸಾಕ್ಷ್ಯ ಪಟದ ಬೆನ್ನಿನಲ್ಲಿದೆ. ಹಿಂಬದಿಗೆ ಬಡಿದ ಮರದ ಹಲಗೆಯಿಂದ ದಶಕಗಳ ಕಾಲ ಹೊಮ್ಮುವ ಆಮ್ಲೀಯ ಆವಿಗೆ ಕಾಗದ ಕಂದುತ್ತದೆ, ಹಲಗೆಯ ಗಂಟು, ಗೆರೆ, ಸಂದುಗಳ ನಕಾಶೆಯೇ ಅದರ ಮೇಲೆ ಇಳಿಯುತ್ತದೆ. ಹಲಗೆಯಲ್ಲಿ ಗೆದ್ದಲು ಕೊರೆದ ಜಾಗಕ್ಕೆ ಸರಿಯಾಗಿ ಕಾಗದದಲ್ಲೂ ಗಾಯವಿರುತ್ತದೆ. ಒಲೆಯ ಹೊಗೆ ಗಾಜಿನ ಸಂದಿಯಿಂದ ನುಸುಳಿ ಅಂಚಿನಲ್ಲಿ ದಟ್ಟವಾಗಿ, ಒಳಕ್ಕೆ ಹೋದಂತೆ ತೆಳುವಾಗಿ ಕೂರುತ್ತದೆ. ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ‘ಹಳೆಯದು’ ಮಾಡಿದ ಕಾಗದದ ಬಣ್ಣ ಎಳೆಯೊಳಕ್ಕೆ ಇಳಿದು ಎಲ್ಲ ಕಡೆ ಒಂದೇ ಸಮ ಇರುತ್ತದೆ. ಹೊಗೆಯ ಮಸಿಯಾದರೆ ಮೇಲ್ಮೈಯಲ್ಲಿ ಕೂರುತ್ತದೆ. ಹಳೆಯ ಕಟ್ಟಿಗೆ ಹೊಸ ಪಟ ಹಾಕಿರಬಹುದಲ್ಲ ಎಂಬ ಆಕ್ಷೇಪ ಸರಿಯೇ. ಅದಕ್ಕೇ ಕಟ್ಟು ಹಳೆಯದೇ ಎಂದು ನೋಡುವುದಕ್ಕಿಂತ, ಆ ಕಟ್ಟಿನ ಗುರುತು ಈ ಕಾಗದದ ಮೇಲೆ ಬಿದ್ದಿದೆಯೇ ಎಂದು ನೋಡಬೇಕು. ಹಲಗೆಯ ಗೆರೆಯೂ ಕಾಗದದ ಗೆರೆಯೂ ಹೊಂದಿದರೆ ಅವೆರಡೂ ಬಹುಕಾಲ ಜೊತೆಗಿದ್ದವು ಎಂದಾಯಿತು. ಇಸವಿ ಗೊತ್ತಾಗುವುದಿಲ್ಲ, ಆದರೆ ಮನೆತನದ ಮಾತಿಗೆ ವಸ್ತುವಿನ ಕಡೆಯಿಂದ ಮೊದಲ ಬಾರಿಗೆ ಬೆಂಬಲ ಸಿಗುತ್ತದೆ.

ಇಷ್ಟೆಲ್ಲ ಯಾಕೆ, ನುರಿತವರು ಒಮ್ಮೆ ನೋಡಿ ಹೇಳಿದರೆ ಸಾಲದೇ ಎನ್ನಬಹುದು. ನುರಿತ ಕಣ್ಣು ಬೇಕೇಬೇಕು. ಯಾವ ಪರೀಕ್ಷೆ ಮೊದಲು ಮಾಡಬೇಕೆಂದು ಹೇಳುವುದು ಅದೇ. ಆದರೆ ಕಾರಣ ಹೇಳದ ತೀರ್ಪನ್ನು ಇನ್ನೊಬ್ಬರು ಪರಿಶೀಲಿಸಲಾಗದು, ಆ ಬೇಸ್‌ಬಾಲ್ ಚೀಟಿಯ ‘ಅತ್ಯುತ್ತಮ ಸ್ಥಿತಿ’ಗೂ ಅನುಭವಿಗಳೇ ಮುದ್ರೆ ಒತ್ತಿದ್ದರು. ಪೂಜೆಗಿಟ್ಟ ದೇವರಿಗೆ ಪರೀಕ್ಷೆಯೇ ಎಂಬ ಇನ್ನೊಂದು ಮಾತಿದೆ. ಪೂಜೆಗೆ ಯಾವ ಇಸವಿಯ ಅಚ್ಚಾದರೂ ನಡೆಯುತ್ತದೆ, ಅದರಲ್ಲಿ ವಿಜ್ಞಾನದ ತಕರಾರಿಲ್ಲ. ಮಾರುವ, ಕೊಳ್ಳುವ, ಪಾಲು ಹಂಚುವ, ವಸ್ತುಸಂಗ್ರಹಾಲಯಕ್ಕೆ ಕೊಡುವ ಹೊತ್ತಿಗೆ ಮಾತ್ರ ಪ್ರಶ್ನೆ ಏಳುತ್ತದೆ, ಆಗ ಉತ್ತರ ಹೀಗಿರಬೇಕು: ಕೈಯಿಂದ ಚುಕ್ಕೆ ಇಟ್ಟ ಕಲ್ಲಚ್ಚು, ಕಾಗದದಲ್ಲಿ ಹೊಳಪಿಲ್ಲ, ಬಣ್ಣದಲ್ಲಿ ಹೊಸ ಕಾಲದ್ದೇನೂ ಸಿಕ್ಕಿಲ್ಲ, ಅಂಚು ಕತ್ತರಿಸಿದೆ, ಜರಿ ಆಮೇಲಿನದು, 20ನೇ ಶತಮಾನದ ಮೊದಲ ಭಾಗದ್ದು ಎನ್ನಲು ಅಡ್ಡಿಯಿಲ್ಲ, ಕಲಾವಿದ ಬದುಕಿದ್ದಾಗಿನದು ಎನ್ನಲು ಆಧಾರವಿಲ್ಲ. ಮಾರುವವರಿಗೆ ಇದು ರುಚಿಸುವುದಿಲ್ಲ. ಪ್ರಾಮಾಣಿಕವಾದ ವರದಿ ಇದಕ್ಕಿಂತ ಹೆಚ್ಚು ಹೇಳಿದರೆ ಕಾರಣ ಕೇಳಬೇಕು.

ನಿಮ್ಮ ಮನೆಯಲ್ಲೂ ಅಂಥ ಪಟವಿದ್ದರೆ, ಗಾಜಿನೊಳಗೆ ಒದ್ದೆ ಬಟ್ಟೆ ತಾಗಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಅಂದಗೆಡುತ್ತದೆಂದು ಅಂಚು ಕತ್ತರಿಸಬೇಡಿ. ಮನೆಯ ಹಿರಿಯರು ಇರುವಾಗಲೇ, ಅದು ಯಾವ ಗೋಡೆಯ ಮೇಲಿತ್ತು, ಯಾರ ಮದುವೆಗೆ ಮುಂಚಿನಿಂದ ಇತ್ತು ಎಂದು ಕೇಳಿ ಬೇರೆ ಹಾಳೆಯಲ್ಲಿ ಬರೆದಿಡಿ. ಕಟ್ಟು ಬದಲಾಯಿಸಲೇಬೇಕಾಗಿ ಬಂದರೆ ಹಳೆಯ ಹಲಗೆಯನ್ನು ಒಲೆಗೆ ಹಾಕದೆ ಪಟದ ಜೊತೆಗೇ ಇಡಿ.